ಬಾಗಿಲ ಹತ್ತಿರ ಇರಿ

ಬೇರೆಯವರು ಬರೆದಿಟ್ಟ ಮಾದರಿಯನ್ನು ಓದಿ ನೋಡದೆ ಹಾಗೆಯೇ ನಕಲು ಮಾಡುವುದು ಪ್ರೋಗ್ರಾಮರುಗಳ ಸಂಪ್ರದಾಯ. ಹಲಸೂರಿನ ಸುಗತನಿಗೆ ಇದು ಚೆನ್ನಾಗಿ ಗೊತ್ತಿತ್ತು; ಅವನೂ ಅದೇ ಗರಡಿಯಲ್ಲಿ ಪಳಗಿದವನು. ಗೊತ್ತಿದ್ದೂ, ತನ್ನ ಸರ್ವಿಸನ್ನು ಬಳಸುವುದು ಹೇಗೆಂದು ವಿವರಿಸುವ ಪುಟದಲ್ಲಿ, ಉದಾಹರಣೆಗೆಂದು ತನ್ನ ಓಣಿಯವರ ಫೋನ್ ನಂಬರುಗಳನ್ನೇ ಹಾಕಿದ್ದ. ಸುಳ್ಳು ನಂಬರು ಹಾಕಿದರೆ ಫೋನು ಬಡಿದುಕೊಳ್ಳುವುದಿಲ್ಲ. ಫೋನು ಬಡಿದುಕೊಳ್ಳದ ಮೇಲೆ ಪರೀಕ್ಷೆ ಮಾಡುವುದಾದರೂ ಹೇಗೆ? ಕೆಲಸ ಮುಗಿದ ಮೇಲೆ ಬದಲಾಯಿಸಿದರಾಯಿತು ಎಂದುಕೊಂಡ. ‘ಆಮೇಲೆ’ ಎಂಬುದು ಆ ಗರಡಿಯ ಮನೆದೇವರು.

ಅವನ ಸರ್ವಿಸು ಕೆಟ್ಟದ್ದೇನೂ ಆಗಿರಲಿಲ್ಲ. ಯಾವ ಕಂಪನಿಯ ಪ್ರೋಗ್ರಾಮರೇ ಆಗಲಿ, ತಮ್ಮ ಆ್ಯಪಿನಿಂದ ಒಂದು ವಾಕ್ಯವನ್ನೂ ಒಂದು ಫೋನ್ ನಂಬರನ್ನೂ ಕಳಿಸಿದರೆ ಸಾಕು; ಅದು ಆ ನಂಬರಿಗೆ ತಾನೇ ಫೋನ್ ಮಾಡಿ ಆ ಮಾತನ್ನು ಅಪ್ಪಟ ಬೆಂಗಳೂರು ಕನ್ನಡದಲ್ಲಿ ಆಡಿ ಮುಗಿಸುತ್ತಿತ್ತು. ಕೇಳಿದವರು ಫೋನಿನಲ್ಲಿ ಒಂದರ ಅಂಕಿಯನ್ನು ಒತ್ತುವ ತನಕ ಬಿಡದೆ ಮತ್ತೆ ಮತ್ತೆ ಕರೆಯುತ್ತಿತ್ತು.

ದನಿಯದೇ ಮೊದಲಿನಿಂದಲೂ ತೊಡಕು. ಸ್ಟುಡಿಯೋದವರ ದನಿಗಳೆಲ್ಲ ಲಿಫ್ಟು ಮಹಡಿ ಹೇಳಿದಂತೆ ಕೇಳುತ್ತಿದ್ದವು. ಕೊನೆಗೆ ಸುಗತ ಕೆಳಗಿನ ಮನೆಯ ಚಿಕ್ಕಮುನಿಯಮ್ಮನನ್ನು ಮೈಕಿನ ಮುಂದೆ ತಂದು ಕೂರಿಸಿದ. ಆ ಅಜ್ಜಿಗೆ ಮಾತು ಎಂದರೆ ಉಸಿರು. ಕೇಳುವವರು ಸಿಗದಿದ್ದರೆ ಲೈಟುಕಂಬದ ಜೊತೆಯಾದರೂ ಎರಡು ಮಾತಾಡಿ ಮುಂದೆ ಹೋಗುತ್ತಿದ್ದಳು. ಅವಳು ಬರುವುದನ್ನು ಕಂಡರೆ ಇಡೀ ಓಣಿ ಕದ ಮುಚ್ಚಿಕೊಳ್ಳುತ್ತಿತ್ತು. ಸುಗತನ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಖಾರಾ ಬನ್ನು ಮೆಲ್ಲುತ್ತ, ಅವಳು ದಿನಗಟ್ಟಲೆ ಮಾತಾಡಿದಳು. ಕಂಪ್ಯೂಟರು ಅವಳ ದನಿಯನ್ನು ಕಲಿತುಕೊಂಡಿತು. ಶ್ರಾವಣದಲ್ಲಿ ಅಜ್ಜಿ ತೀರಿಕೊಂಡಳು. ದನಿ ಮಾತ್ರ ಸರ್ವಿಸಿನಲ್ಲಿ ಉಳಿಯಿತು.

ಇಂದಿರಾನಗರದ ಕಂಪನಿಯ ಕೆಲಸ ಬಿಡುವಾಗ ಸುಗತ ತನ್ನ ಮ್ಯಾನೇಜರಿನ ಮೇಜು ಕುಟ್ಟಿ, “ಇನ್ಮೇಲೆ ಯಾರ ಕೈಕೆಳಗೂ ಕೆಲ್ಸ ಮಾಡಲ್ಲ ರೀ!” ಎಂದು ಬಂದಿದ್ದ. ಅಂದಿನಿಂದ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಈಗ ಕಲ್ಯಾಣ ನಗರದ ಒಂದು ಪಾರ್ಸಲ್ ಕಂಪನಿ ಅವನ ಸರ್ವಿಸನ್ನು ಪರೀಕ್ಷಿಸಲು ಒಪ್ಪಿತ್ತು. ಅಲ್ಲಿಯ ಮುಖ್ಯಸ್ಥೆ ರುಕ್ಸಾರ್ ಮೇಡಂ ಇಂದು ಸಂಜೆಯೊಳಗೆ ಹೂಂ ಎಂದರೆ ಸುಗತ ತನಗೆ ತಾನೇ ಯಜಮಾನ. ಊಹೂಂ ಎಂದರೆ ಬಯೋಡೇಟಾ ಹಿಡಿದು, ಕುಟ್ಟಿಬಂದ ಅದೇ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು.

ಅಂದು ಬೆಳಗಿನಿಂದಲೇ ಮೋಡ ಕವಿದಿತ್ತು. ಕೆರೆಯ ಕಡೆಯಿಂದ ಎದ್ದ ಮಂಜು ಓಣಿಯೊಳಗೆ ನುಗ್ಗಿ, ದಾರಿ ಮರೆತ ದನದಂತೆ ಅಲ್ಲೇ ನಿಂತುಬಿಟ್ಟಿತ್ತು. ಹತ್ತು ಗಂಟೆಯ ಸುಮಾರಿಗೆ ಯಾರೋ ಬಾಗಿಲನ್ನು ದಬದಬ ಬಡಿದರು.

“ಸುಗತ! ಲೋ, ಬಾಗಿಲು ತೆಗಿಯೋ!”

ಎದುರುಮನೆಯ ಮುನಿರಾಜಪ್ಪ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಓಣಿಯ ಎಲ್ಲರ ಮನೆಯ ಉಸ್ತುವಾರಿಯನ್ನು ತಾವೇ ವಹಿಸಿಕೊಂಡವರು. ಬನಿಯನ್ನಿನಲ್ಲಿಯೇ ಬಂದಿದ್ದರು, ಕೈಯಲ್ಲಿದ್ದ ಫೋನನ್ನು ಚೇಳು ಹಿಡಿದಂತೆ ದೂರ ಚಾಚಿ ಹಿಡಿದಿದ್ದರು.

“ಚಿಕ್ಕಮುನಿಯಮ್ಮ ಫೋನ್ ಮಾಡಿದ್ಲು ಕಣೋ.”

“ಯಾವ ಚಿಕ್ಕಮುನಿಯಮ್ಮ ಅಂಕಲ್?”

“ಓಣೀಲಿ ಎಷ್ಟು ಜನ ಅವ್ರೋ? ಸತ್ತೋದ್ಲಲ್ಲ, ಅವ್ಳೇ! ‘ನಿಮ್ಮನೆಗೆ ಬರ್ತಾ ಇದೀನಿ, ಬಾಗಿಲ ಹತ್ರ ಇರಿ’ ಅಂತಾವ್ಳೆ. ನಾಲ್ಕು ಸಲ ಕಟ್ ಮಾಡ್ದೆ. ನಾಲ್ಕು ಸಲಾನೂ ಮತ್ತೆ ಮಾಡಿದ್ಲು!”

ಸುಗತ ಲ್ಯಾಪ್‌ಟಾಪಿನ ಕಡೆ ಓರೆಗಣ್ಣು ಹಾಯಿಸಿದ. ಪಾರ್ಸಲ್ ಕಂಪನಿಯ ಪ್ರೋಗ್ರಾಮರುಗಳು ಉದಾಹರಣೆಯನ್ನು ನಂಬರು ಸಮೇತ ನಕಲು ಮಾಡಿ ಓಡಿಸಿಬಿಟ್ಟಿದ್ದರು. ಮಾತಿನ ಮೊದಲಿಗೆ ಕಂಪನಿಯ ಹೆಸರು ತುಂಬಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದರು; ಹಾಗಾಗಿ ಪಾರ್ಸಲ್ ತರುವವನ ಮಾತು ಅಜ್ಜಿಯದೇ ಮಾತಾಗಿಬಿಟ್ಟಿತ್ತು. ಸರ್ವಿಸನ್ನು ಈಗಲೇ ನಿಲ್ಲಿಸಿದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ನಿಜ ಹೇಳಿದರೆ ತಾನೇ ಮುಗಿದಂತೆ.

“ಯಾರೋ ತಮಾಷೆ ಮಾಡಿರ್ಬೇಕು ಬಿಡಿ ಅಂಕಲ್. ಸುಮ್ನೆ ಒಂದು ಒತ್ತಿಬಿಡಿ, ಮತ್ತೆ ಬರಲ್ಲ.”

ಮುನಿರಾಜಪ್ಪ ಕಣ್ಣು ಕಿರಿದು ಮಾಡಿದರು. “ಒಂದು ಒತ್ಬೇಕು ಅಂತ ನಿಂಗೆ ಹೆಂಗೋ ಗೊತ್ತು?”

“ಎಲ್ಲಾ ಕಡೆ ಒಂದನ್ನೇ ಅಲ್ವಾ ಅಂಕಲ್ ಒತ್ತೋದು!”

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಮುನಿರಾಜಪ್ಪ ಒಂದನ್ನು ಒತ್ತಿದರು. “ಸಂತೋಷ. ಹೊರಟೆ,” ಎಂದಿತು ಅಜ್ಜಿಯ ದನಿ. ಮುನಿರಾಜಪ್ಪ ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಓಣಿಯ ಬಾಯಿಯಲ್ಲಿ ಬೇಕರಿ ಇಟ್ಟುಕೊಂಡಿದ್ದ ಚಾಂದ್ ಪಾಷಾ ಏದುಸಿರು ಬಿಡುತ್ತ ಬಂದದ್ದು ಆಗಲೇ. “ಅರೆ ಸಾಬ್, ನಿಮ್ಗೂ ಬಂತಾ? ಯಾ ಅಲ್ಲಾ! ಆ ಮುದುಕಿ ಬರೋದು ನೋಡಿ ನಾನು ಎಷ್ಟು ಸಲ ಶಟರ್ ಎಳೆದಿಲ್ಲ! ಒಳಗೆ ಓವನ್ ಪಕ್ಕ ಬೆವರ್ಕೊಂಡು ಕೂತಿರ್ತಿದ್ದೆ. ಅದು ಅವ್ಳಿಗೆ ಗೊತ್ತಾಗಿದೆ. ಅದಕ್ಕೇ ಬರ್ತಾ ಇದ್ದಾಳೆ.”

“ನಾನಾದ್ರೂ ಏನು ಕಮ್ಮಿ?” ಎಂದರು ಮುನಿರಾಜಪ್ಪ ಸಣ್ಣ ದನಿಯಲ್ಲಿ. “ಒಳಗೇ ಇದ್ದು, ಇಲ್ಲ ಅಂತ ನಾನೇ ಕೂಗಿ ಹೇಳಿದೀನಿ.”

ಸುಗತ ಕಿಟಕಿಯಿಂದ ಕೆಳಗೆ ನೋಡಿದ. ಸಣ್ಣಗೆ ಮಳೆ ಹನಿಯುತ್ತಿತ್ತು. ಫೋನ್ ಬಂದವರ ಮನೆ, ಬಾರದವರ ಮನೆ, ಎಲ್ಲ ಮನೆಗಳ ಬಾಗಿಲುಗಳೂ ಹಾರುಹೊಡೆದಿದ್ದವು. ಪ್ರತಿಯೊಂದು ಹೊಸ್ತಿಲಲ್ಲೂ ಜನ ನಿಂತಿದ್ದರು. ಎಲ್ಲರೂ ಮಂಜು ತುಂಬಿದ, ಯಾರೂ ಬಾರದ ಓಣಿಯ ತುದಿಯನ್ನೇ ನೋಡುತ್ತಿದ್ದರು. ನಾಯಿಗಳು ಕೂಡ ಬೊಗಳುವುದನ್ನು ಬಿಟ್ಟು ಅದೇ ಕಡೆಗೆ ಮುಖ ಮಾಡಿ ಕೂತಿದ್ದವು.

ಅವನು ಪಾರ್ಸಲ್ ಕಂಪನಿಯ ಪ್ರೋಗ್ರಾಮರಿಗೆ ಗುಟ್ಟಾಗಿ ಮೆಸೇಜು ಕಳಿಸಿದ: ‘ಗುರು, ಆ ಉದಾಹರಣೆ ನಂಬರ್ ತೆಗೀ ದಯವಿಟ್ಟು.’ ಉತ್ತರ ಬಂತು: ‘ಮಸ್ತಾಗಿ ಓಡ್ತಾ ಇದೆ ಮಗಾ! ಎಲ್ಲಾ ನಂಬರಿಗೂ ಒಟ್ಟಿಗೇ ಒಂದು ರೌಂಡ್ ಹೊಡೀತೀವಿ ಇರು.’

ಮಧ್ಯಾಹ್ನದ ಹೊತ್ತಿಗೆ ಮುನಿರಾಜಪ್ಪ ಅಕ್ಕಯಮ್ಮನನ್ನು ಕರೆತಂದರು. ಗಾಳಿ ಸೋಕಿದವರಿಗೆ ಬೇವಿನ ಸೊಪ್ಪಿನಿಂದ ನಿವಾಳಿಸಿ ದೆವ್ವ ಬಿಡಿಸುವುದರಲ್ಲಿ ಅಕ್ಕಯಮ್ಮನ ಹೆಸರು ಕೆ.ಆರ್. ಪುರದವರೆಗೂ ಇತ್ತು. ಆಕೆ ಓಣಿಯ ನಡುವೆ ನಿಂತು, ಕಣ್ಣು ಮುಚ್ಚಿ, ಗಾಳಿಯನ್ನು ಮೂಸಿ, ನೇರವಾಗಿ ಸುಗತನ ಕಿಟಕಿಗೆ ಬೆರಳು ತೋರಿಸಿದಳು.

“ಅಲ್ಲೈತೆ. ಕೊನೇ ದಿನಗಳಲ್ಲಿ ಅವ್ಳು ಎಲ್ಲಿ ಕೂರ್ತಿದ್ಲು?”

“ಇವನ ರೂಮಲ್ಲೇ!” ಎಂದು ಓಣಿ ಒಕ್ಕೊರಲಿನಿಂದ ಸಾಕ್ಷಿ ನುಡಿಯಿತು.

ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರು. ಅಕ್ಕಯಮ್ಮ ಸುತ್ತ ಕಣ್ಣಾಡಿಸಿ, ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತಿದ್ದ ಇಂಟರ್‌ನೆಟ್ ಪೆಟ್ಟಿಗೆಯ ಮುಂದೆ ನಿಂತಳು.

“ನೋಡ್ರಪ್ಪಾ, ಹೆಂಗೆ ಕಣ್ಣು ಮಿಟುಕಿಸ್ತಾವ್ಳೆ.”

“ಅಮ್ಮಾ, ಅದು ವೈಫೈ...” ಎಂದ ಸುಗತ.

“ಹೆಸರು ಗೊತ್ತಾಯ್ತಲ್ಲ, ಒಳ್ಳೇದಾಯ್ತು,” ಎಂದಳು ಅಕ್ಕಯಮ್ಮ. ಪೆಟ್ಟಿಗೆಗೆ ನಿಂಬೆಹಣ್ಣು ಕಟ್ಟಿದಳು. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಳು. ಕೀಲಿಗಳ ಸಂದಿಗೆ ಅರಿಶಿನದ ನೀರು ಇಳಿಯುತ್ತಿದ್ದಾಗ ಸುಗತ ಹೆತ್ತ ಮಗುವಿಗೆ ಕಿವಿ ಚುಚ್ಚುವುದನ್ನು ನೋಡಿದಂತೆ ಮುಖ ತಿರುಗಿಸಿಕೊಂಡ. ಬೇವಿನ ಸೊಪ್ಪನ್ನು ಎತ್ತಿ ಅಕ್ಕಯಮ್ಮ ಗುಡುಗಿದಳು.

“ಯಾರೇ ನೀನು? ಏನು ಬೇಕೇ ನಿಂಗೆ? ಬಾಯಿ ಬಿಡು!”

ಕೋಣೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.

ಯಾರು ಯಾವುದನ್ನು ಒತ್ತಿದರೋ ತಿಳಿಯದು. ಐದು ಕೈಗಳಿಂದ ಐದು ಚಿಕ್ಕಮುನಿಯಮ್ಮಂದಿರು, ಒಬ್ಬಳ ಹಿಂದೆ ಒಬ್ಬಳು, ಭಜನೆಯ ಹಿಮ್ಮೇಳದಂತೆ ನುಡಿದರು: “ನಿಮ್ಮನೆಗೆ ಬರ್ತಾ ಇದೀನಿ... ಬರ್ತಾ ಇದೀನಿ... ಬಾಗಿಲ ಹತ್ರ ಇರಿ... ಹತ್ರ ಇರಿ...” ಊರಿನ ದೆವ್ವಗಳನ್ನೆಲ್ಲ ಮಾತಾಡಿಸಿದ್ದ ಅಕ್ಕಯಮ್ಮ, ತನಗೆ ಇಷ್ಟು ಬೇಗ ಉತ್ತರ ಬಂದದ್ದು ಅದೇ ಮೊದಲಾದ್ದರಿಂದ, ಗೋಡೆಗೆ ಒರಗಿ ಬೆವರೊರೆಸಿಕೊಂಡಳು. ಮುನಿರಾಜಪ್ಪನವರ ತುಟಿ ನೀಲಿಗಟ್ಟತೊಡಗಿತು.

ಇನ್ನು ಸುಮ್ಮನಿದ್ದರೆ ಅಜ್ಜಿಯ ಜೊತೆಗೆ ಮುನಿರಾಜಪ್ಪನವರೂ ಹೊರಡುತ್ತಾರೆಂದು ಹೆದರಿ, ಸುಗತ ಎಲ್ಲವನ್ನೂ ಕಕ್ಕಿಬಿಟ್ಟ. ದನಿ, ಸರ್ವಿಸು, ನಂಬರು, ನಕಲು, ಎಲ್ಲ.

ಮೊದಲು ಚಾಂದ್ ಪಾಷಾ ಬಾಯಿ ತೆರೆದ. “ಸತ್ತೋರ ದನೀನ ಬಾಡಿಗೆಗೆ ಬಿಡ್ತೀಯೇನೋ? ಶರಮ್ ಇಲ್ವಾ?”

“ಅಳಿಸು,” ಎಂದರು ಮುನಿರಾಜಪ್ಪ. ಅವರ ಮುಖಕ್ಕೆ ಕಳೆ ಮರಳಿತ್ತು. “ನನ್ನ ಕಣ್ಮುಂದೆ ಅಳಿಸು. ಕಸದ ಬುಟ್ಟೀಲಿ ಉಳ್ಕೊಂಡಿರುತ್ತೆ, ಅದನ್ನೂ ಖಾಲಿ ಮಾಡು. ಇನ್ನೆಲ್ಲಾದ್ರೂ ಕಾಪಿ ಇಟ್ಟಿದೀಯಾ? ಅದೂ ಹೋಗ್ಲಿ!”

ಇಡೀ ಓಣಿಯ ಮುಂದೆ ಆಣೆ ಮಾಡಿ ಸುಗತ ಅಜ್ಜಿಯ ದನಿಯನ್ನು ಇದ್ದಬದ್ದ ಜಾಗಗಳಿಂದೆಲ್ಲ ಅಳಿಸಿದ. ಜನ ಬೈಯುತ್ತ ಇಳಿದುಹೋದರು.

ಅವರ ಹೆಜ್ಜೆಯ ಸದ್ದು ಮಾಸುವ ಮೊದಲೇ ರುಕ್ಸಾರ್ ಮೇಡಂ ಫೋನ್ ಮಾಡಿದರು.

“ಸುಗತ ಅವ್ರೇ, ಕಂಗ್ರಾಟ್ಸ್! ನಮ್ ಕಂಪನೀಲಿ ದೊಡ್ಡ ತಲೆನೋವು ಏನು ಗೊತ್ತಾ? ಬೆಲ್ ಹೊಡೆದ್ರೂ ಜನ ಬಾಗಿಲು ತೆಗಿಯಲ್ಲ. ಇವತ್ತು ನಮ್ಮೋರೊಬ್ರು ನಿಮ್ ಓಣಿ ಕಡೆ ಬಂದಿದ್ರು. ಎಲ್ರೂ ಬಾಗಿಲು ತೆಕ್ಕೊಂಡು ಕಾಯ್ತಾ ನಿಂತಿದ್ರಂತೆ, ಅದೂ ಮಳೇಲಿ! ಇಂಥ ರಿಸಲ್ಟ್ ನಾನು ನೋಡೇ ಇಲ್ಲ. ಸಂಜೆ ಸೈನ್ ಮಾಡೋಣ. ಆದ್ರೆ ಒಂದೇ ಕಂಡೀಷನ್, ಆ ಅಜ್ಜಿ ವಾಯ್ಸೇ ಬೇಕು.”

ಸುಗತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮೇಡಂ, ಆ ವಾಯ್ಸು... ಡಿಲೀಟ್ ಆಗೋಯ್ತು.”

“ಮತ್ತೆ ರೆಕಾರ್ಡ್ ಮಾಡಿ.”

“ಅವ್ರು ಈಗ ಸಿಗೋದು ಕಷ್ಟ ಮೇಡಂ.”

“ಯಾಕೆ, ಊರಲ್ಲಿಲ್ವಾ?”

“ಊರಲ್ಲೇ ಇದ್ದಾರೆ. ಕಲ್ಪಳ್ಳೀಲಿ.”

“ಹತ್ರಾನೇ ಆಯ್ತಲ್ರೀ! ಒಂದು ಆಟೋ ಮಾಡ್ಕೊಂಡು ಕರ್ಕೊಂಬನ್ನಿ. ಆಫೀಸ್ ಮುಚ್ಚೋದ್ರೊಳಗೆ ಹೇಳಿ.”

ಕಲ್ಪಳ್ಳಿಯ ಸ್ಮಶಾನದಿಂದ ಇದುವರೆಗೆ ಯಾರೂ ಆಟೋ ಹತ್ತಿ ವಾಪಸು ಬಂದದ್ದಿಲ್ಲವೆಂದು ಹೇಳುವಷ್ಟರಲ್ಲಿ ಅವರು ಫೋನಿಟ್ಟಿದ್ದರು.

ಸಂಜೆಯ ತನಕ ಸುಗತ ಅಜ್ಜಿಯ ಒಂದು ಕೆಮ್ಮಾದರೂ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದ. ಮುನಿರಾಜಪ್ಪನವರ ಉಸ್ತುವಾರಿ ಪಕ್ಕಾ ಆಗಿತ್ತು, ಏನೂ ಉಳಿದಿರಲಿಲ್ಲ. ಇಂದಿರಾನಗರದ ಆ ಮೇಜು ಕಣ್ಣಮುಂದೆ ದೊಡ್ಡದಾಗುತ್ತ ಬಂತು. ಕೊನೆಗೆ ತಾನೇ ಸೋಲೊಪ್ಪಿಕೊಳ್ಳೋಣವೆಂದು ಫೋನೆತ್ತುವಷ್ಟರಲ್ಲಿ ಮೇಡಂ ಅವರೇ ಕರೆದರು.

“ಸುಗತ ಅವ್ರೇ, ತುಂಬಾ ಥ್ಯಾಂಕ್ಸ್ ಕಣ್ರೀ! ಅಜ್ಜಿ ಕೈಲೇ ಮಾತಾಡಿಸಿಬಿಟ್ರಿ.”

“ಯಾವ ಅಜ್ಜಿ ಮೇಡಂ?”

“ಅದೇ, ನಿಮ್ ಚಿಕ್ಕಮುನಿಯಮ್ಮ. ಈಗಷ್ಟೇ ಫೋನಿಟ್ರು. ಅಬ್ಬಾ, ಎಷ್ಟು ಮಾತಾಡ್ತಾರ್ರೀ! ನಮ್ಮಮ್ಮನ ಮಂಡಿನೋವಿಗೆ ಔಷಧಿ ಕೂಡ ಹೇಳಿದ್ರು. ಸಂಬಳ ಬೇಡ, ರಜಾ ಬೇಡ, ಊಟಾನೂ ಬೇಡವಂತೆ. ಜನರ ನಂಬರ್ ಕೊಟ್ರೆ ಸಾಕಂತೆ, ಎಲ್ರಿಗೂ ತಾವೇ ಮಾತಾಡ್ಕೋತಾರಂತೆ. ಹಾಗಾಗಿ ನೇರವಾಗಿ ಅವ್ರನ್ನೇ ಇಟ್ಕೊಂಡ್ವಿ. ಮಧ್ಯದಲ್ಲಿ ನಿಮ್ ಸರ್ವಿಸ್ ಬೇಕಾಗಲ್ಲ. ಬೇಜಾರ್ ಮಾಡ್ಕೋಬೇಡಿ, ಆಯ್ತಾ?”

ಸುಗತ ಲ್ಯಾಪ್‌ಟಾಪನ್ನು ನೋಡಿದ. ಮಧ್ಯಾಹ್ನದಿಂದ ಅವನ ಸರ್ವಿಸಿನಿಂದ ಒಂದು ಕರೆಯೂ ಹೋಗಿರಲಿಲ್ಲ. ದನಿಗಳ ಪೆಟ್ಟಿಗೆ ಖಾಲಿ. ಕೋಣೆಯೊಳಗೆ ಇದ್ದಕ್ಕಿದ್ದಂತೆ ಚಳಿ ಏರಿತು. ಯಾರೂ ಮಾಡಿರದ ಕಾಫಿಯ ಪರಿಮಳ ಎಲ್ಲಿಂದಲೋ ಬಂತು.

ಅವನ ಫೋನು ಬಡಿದುಕೊಂಡಿತು. ನಂಬರು ಇರಲಿಲ್ಲ.

“ಸುಗತಾ, ಊಟ ಮಾಡ್ದೇನೋ?”

ಮುನಿರಾಜಪ್ಪನವರಂತೆ ಅವನೂ ಫೋನನ್ನು ದೂರ ಚಾಚಿ ಹಿಡಿದ.

“ಹೆದರ್ಕೋಬೇಡ ಕಣಪ್ಪ. ಬದುಕಿರೋವಾಗ ನನ್ನ ಕಂಡ್ರೆ ಕದ ಹಾಕ್ಕೊಳ್ಳೋರು. ಇವತ್ತು ನೋಡ್ದಾ? ಓಣಿಗೆ ಓಣೀನೇ ಬಾಗಿಲಲ್ಲಿ ನಿಂತ್ಕೊಂಡು ನನಗಾಗಿ ಕಾಯ್ತಾ ಇತ್ತು. ಇಂಥ ಕೆಲ್ಸ ಬಿಟ್ಟು ಎಲ್ಲಿಗೆ ಹೋಗ್ಲಿ ಹೇಳು? ಒಂದೇ ಒಂದು ತೊಂದ್ರೆ ಐತೆ. ಬರ್ತೀನಿ ಬರ್ತೀನಿ ಅಂತ ಎಲ್ರಿಗೂ ಮಾತು ಕೊಟ್ಟಾಯ್ತು. ಹೋಗೋಕೆ ಕಾಲಿಲ್ವಲ್ಲ!”

“ಅಜ್ಜೀ...”

“ಅದಕ್ಕೇ ಆ ಮೇಡಂ ಹತ್ರ ನಿನ್ನ ಹೆಸರು ಹೇಳಿದೀನಿ. ನಾನು ಫೋನ್ ಮಾಡ್ತೀನಿ, ನೀನು ಪಾರ್ಸಲ್ ತಗೊಂಡು ಹೋಗು. ಇನ್ಮೇಲೆ ನನ್ನ ಕೈಕೆಳಗೆ ಕೆಲ್ಸ. ಹೊರಡು ಹೊರಡು, ಲಿಂಗರಾಜಪುರದಲ್ಲಿ ಒಬ್ರು ಆಗ್ಲೇ ಬಾಗಿಲಲ್ಲಿ ನಿಂತವ್ರೆ, ಪಾಪ.”

ಸುಗತ ಎದ್ದ. ಮೇಜಿನ ಮೇಲೆ, ಮೊಳೆಯ ಮೇಲೆ, ಅಂಗಿಯ ಜೇಬಿನಲ್ಲಿ, ಕತ್ತಲಾಗುತ್ತಿದ್ದ ಕೋಣೆಯ ತುಂಬ ಸ್ಕೂಟರಿನ ಕೀ ಹುಡುಕಿದ. ಎಲ್ಲೂ ಸಿಗಲಿಲ್ಲ.

“ದಿಂಬಿನ ಕೆಳಗೆ ನೋಡೋ,” ಎಂದಿತು ಫೋನು.