ಸೈಟಿಗೆ ಹುಷಾರಿಲ್ಲ, ನೋಡೋಕೆ ಬರಬೇಡಿ

ನಮ್ಮ ವಂಶದಲ್ಲಿ ರೋಗದಿಂದ ಸತ್ತವರಿಲ್ಲ. ರೋಗಿಯನ್ನು ನೋಡಲು ಬಂದವರಿಂದ ಸತ್ತವರಿದ್ದಾರೆ. ನನ್ನಪ್ಪ ಪ್ಲಮ್ ಮರದಿಂದ ಬಿದ್ದು ಎಡಗಾಲು ಮುರಿದುಕೊಂಡಾಗ, ಕಾಫಿಪುಡಿಯ ಪೊಟ್ಟಣ ಹಿಡಿದು ಬಂದ ಹನ್ನೊಂದು ಜನ ನೆಂಟರು ಅವನ ಮಂಚದ ಮೇಲೇ ಕೂತು, ಮಂಚ ಮುರಿದು, ಬಲಗಾಲೂ ಹೋಯಿತು. (ಒಂಬತ್ತೇ ಜನ ಎಂದು ತಮ್ಮ ತಿಹೊಮಿರ್ ವಾದಿಸುತ್ತಾನೆ. ಅವನು ಆಗ ಹುಟ್ಟಿಯೇ ಇರಲಿಲ್ಲ.) ನಮ್ಮ ಲೆಸ್ಕೊವಾತ್ಸ್ ಸೀಮೆಯಲ್ಲಿ, ಹುಷಾರಿಲ್ಲದವರನ್ನು ಹೋಗಿ ನೋಡದವನು ಮನುಷ್ಯನೇ ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆನಲ್ಲ!

ನನ್ನ ಹೆಂಡತಿ ವುಕೊಸಾವಾ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಗಂಟೆಗಟ್ಟಲೆ ತಿರುವಿ ಅಯ್ವಾರ್ ಎಂಬ ಗೊಜ್ಜು ಮಾಡುತ್ತಾಳೆ. ಅದನ್ನು ಮಾರಲು ಅಳಿಯ ಗ್ವೊಜ್ದೆನ್ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ಈ ಸಲ ಇನ್ನೂರು ಬಾಟಲಿ ಉಗ್ರಾಣದಲ್ಲಿ ಕೂತಿದ್ದವು. ಬೆಲ್‌ಗ್ರೇಡಿನ ಹೋಟೆಲಿನ ಯಜಮಾನಿಯೊಬ್ಬಳು ಶನಿವಾರ ಮಧ್ಯಾಹ್ನದೊಳಗೆ ಸೈಟಿನಲ್ಲೇ ಆರ್ಡರ್ ಹಾಕುವುದಾಗಿ ಹೇಳಿದ್ದಳು. ಅದು ತಪ್ಪಿದರೆ ಇನ್ನೂರು ಬಾಟಲಿಯನ್ನೂ ನಾವಿಬ್ಬರೇ ನೆಕ್ಕಬೇಕು.

"ಆ ಸೈಟು ಬೀಳೋ ಹಾಗಿಲ್ಲ ರಾದಿಸಾವ್. ಅದು ಬಿದ್ರೆ ನೀನೂ ಬೀಳ್ತೀಯ" ಎಂದು ವುಕೊಸಾವಾ ನನಗೆ ಬಹಳ ಮೃದುವಾಗಿ ತಿಳಿಸಿದಳು.

ತಕ್ಷಣ ಅಳಿಯನಿಗೆ ಫೋನ್ ಮಾಡಿ ಸೈಟಿಗೊಂದು ಕಾವಲು ಇಡಿಸಿದೆ. ಸೈಟು ಬಿದ್ದ ಕೂಡಲೇ ಫೋನಿನ ವೈಬರ್ ಆ್ಯಪಿನಲ್ಲಿ ಸಂದೇಶ ಬರುವ ಏರ್ಪಾಡು. ಆಗ ನನ್ನ ತಲೆಯಲ್ಲಿ ಜ್ಞಾನೋದಯವಾಯಿತು.

"ನನ್ನೊಬ್ಬನಿಗೇ ಯಾಕೆ? ನಮ್ಮ ಕುಟುಂಬದ ಗುಂಪಿಗೇ ಹಾಕು. ಅರವತ್ತೆಂಟು ಜನ, ನೂರಾ ಮೂವತ್ತಾರು ಕಣ್ಣು!"

"ನೂರಾ ಮೂವತ್ತೈದು ಮಾವ. ಸ್ತಾಮೆನಾ ಅತ್ತೆಯ ಒಂದು ಕಣ್ಣಿಗೆ ಪೊರೆ. ಬೇಡ, ಅದು ರಿಪೇರಿ ಮಾಡೋರಿಗೆ ಹೋಗೋ ಸಂದೇಶ."

"ಹಾಕು ಅಂದ್ರೆ ಹಾಕು."

ಹಾಕಿದ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಸಂದೇಶ: 'ಸೈಟು ಸ್ಪಂದಿಸುತ್ತಿಲ್ಲ.' ಎರಡೇ ನಿಮಿಷಕ್ಕೆ: 'ಸೈಟು ಸರಿಯಾಗಿದೆ.' ಶಿಲುಬೆಯ ಗುರುತು ಮಾಡಿಕೊಂಡೆ. ಕೈ ಇನ್ನೂ ಎಡಭುಜಕ್ಕೆ ಮುಟ್ಟಿರಲಿಲ್ಲ, ಮತ್ತೆ ಬಿತ್ತು. ಎದ್ದಿತು. ಬಿತ್ತು. ಸಂಜೆಯೊಳಗೆ ಮೂವತ್ತೊಂದು ಸಲ! ನಮ್ಮೂರಿನ ಕುಡುಕರೂ ಒಂದು ದಿನಕ್ಕೆ ಅಷ್ಟು ಸಲ ಬಿದ್ದ ದಾಖಲೆಯಿಲ್ಲ.

ಗುಂಪಿನಲ್ಲಿ ಗೋಳೋ ಗೋಳು.

"ಅಯ್ಯೋ ರಾದಿಸಾವ್, ಈಗ್ತಾನೇ ಹೋಗಿ ನೋಡ್ದೆ ಕಣೋ. ಪಾಪ, ಪೂರ್ತಿ ಬಿಳಿಚ್ಕೊಂಡಿದೆ!" ಇದು ಸ್ತಾಮೆನಾ ಅತ್ತೆ.

"ನಾನೂ ನೋಡ್ದೆ ಅಣ್ಣ. ಹೆಂಡ್ತಿ ಮಕ್ಕಳನ್ನೂ ಕಳಿಸ್ದೆ" ಎಂದು ತಿಹೊಮಿರ್.

"ನಾನು ಹತ್ತು ಸಲ ಹೋಗ್ಬಂದೆ" ಎಂದು ವಿಯೆನ್ನಾದಿಂದ ಒಬ್ಬಳು. ಅವಳು ನಮಗೆ ಏನಾಗಬೇಕೋ ಇವತ್ತಿಗೂ ತಿಳಿಯದು.

ಏಳುವುದೇಕೆ, ಬೀಳುವುದೇಕೆ, ನನಗೆ ತಲೆಬುಡ ಅರ್ಥವಾಗಲಿಲ್ಲ. ಅಳಿಯನನ್ನು ಕೇಳಿದೆ.

"ಸೈಟು ಓಡೋದು ಬಾಡಿಗೆಯ ಪುಟ್ಟ ಕಂಪ್ಯೂಟರ್ ಮೇಲೆ ಮಾವ! ಇಷ್ಟೂ ಜನ ಒಟ್ಟಿಗೆ ನುಗ್ಗಿದ್ರೆ ಉಸಿರು ಕಟ್ಟತ್ತೆ. ಬಿದ್ರೆ ಸಂದೇಶ ಹೋಗತ್ತೆ, ಸಂದೇಶ ನೋಡಿ ಇವರೆಲ್ಲ ಬರ್ತಾರೆ, ಇವರು ಬಂದ್ರೆ ಮತ್ತೆ ಬೀಳತ್ತೆ. ಸಂದೇಶ ನಾನು ನಿಲ್ಲಿಸ್ತೀನಿ. ನೀವು ಗುಂಪಲ್ಲಿ ಒಂದಕ್ಷರಾನೂ ಬರೀಬೇಡಿ, ದಮ್ಮಯ್ಯ."

ಆದರೆ ಅಷ್ಟು ಜನ ಕ್ಷೇಮ ವಿಚಾರಿಸಿದಾಗ ಉತ್ತರ ಕೊಡದಿರಲು ನಾನೇನು ಕಾಡಿನವನೇ? ಶನಿವಾರ ಬೆಳಿಗ್ಗೆ ಬರೆದೆ: 'ಸೈಟು ಚೇತರಿಸಿಕೊಂಡಿದೆ. ದಯವಿಟ್ಟು ಯಾರೂ ತೊಂದರೆ ತೆಗೆದುಕೊಂಡು ಬರಬೇಡಿ.'

ನಮ್ಮಲ್ಲಿ 'ತೊಂದರೆ ತೆಗೆದುಕೊಳ್ಳಬೇಡಿ' ಎಂದರೆ ಕಾಫಿಗೆ ನೀರಿಟ್ಟಾಗಿದೆ, ಬೇಗ ಹೊರಡಿ ಎಂದರ್ಥ. ಎಲ್ಲರೂ ಸೈಟಿನತ್ತ ಹೊರಟರು. ಅಕ್ಕಪಕ್ಕದವರನ್ನೂ ಕರೆತಂದರು. ಹನ್ನೊಂದು ಗಂಟೆಗೆ ಅಂಗಾತ ಬಿದ್ದ ಸೈಟು ಹನ್ನೆರಡಾದರೂ ಏಳಲಿಲ್ಲ.

"ಬಿತ್ತಾ?" ಎಂದಳು ವುಕೊಸಾವಾ. ಕೈಯಲ್ಲಿ ಗೊಜ್ಜು ತಿರುವುವ ಸೌಟಿತ್ತು.

"ಬಿದ್ದಿಲ್ಲ. ಸ್ವಲ್ಪ ಒರಗಿದೆ."

ಸೌಟು ಮೇಲೆದ್ದಿತು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬೆಲ್‌ಗ್ರೇಡಿನ ಯಜಮಾನಿ!

"ವುಕೊಸಾವಾ ಅಮ್ಮ, ನಿನ್ನೆಯಿಂದ ನಿಮ್ಮ ಸೈಟಿಗೆ ಕಾಲಿಡೋಕೆ ಆಗ್ತಿಲ್ಲ! ಈ ಪಾಟಿ ಜನ ಮುಗಿಬಿದ್ದಿದ್ದಾರೆ ಅಂದ್ರೆ ಅದಿನ್ನೆಂಥ ಗೊಜ್ಜಿರಬೇಕು! ಎಲ್ಲಾ ಖಾಲಿಯಾಗೋ ಮುಂಚೆ ನನ್ನ ಹೆಸರಿಗೆ ನಾನೂರು ಬಾಟಲಿ ಬರ್ಕೊಂಡ್ಬಿಡಿ."

ನಾನು ಎದೆ ಸೆಟೆಸಿದೆ. "ನೋಡಿದ್ಯಾ? ಆ ಜನಸಾಗರ ಸೇರಿಸಿದ್ದು ಯಾರು?"

"ನೀನೇ" ಎಂದು ಹೆಂಡತಿ ನಲವತ್ತು ವರ್ಷದಲ್ಲಿ ಮೊದಲ ಬಾರಿ ಒಪ್ಪಿಕೊಂಡಳು. "ಇರೋದು ಇನ್ನೂರು. ಉಳಿದ ಇನ್ನೂರಕ್ಕೆ ಸಿಪ್ಪೆ ಸುಲಿಯೋನೂ ನೀನೇ."

ಅಂಗಳದಲ್ಲಿ ಹದಿನೈದು ಮೂಟೆ ಮೆಣಸಿನಕಾಯಿ ಬಂದು ಬಿದ್ದವು. ಎರಡು ಮೂಟೆ ಮುಗಿಯುವಷ್ಟರಲ್ಲಿ ನನ್ನ ಬೆರಳುಗಳೂ ಸುಲಿದಿದ್ದವು. ಗುಂಪಿನಲ್ಲಿ ಬರೆದೆ: 'ಮೆಣಸಿನಕಾಯಿ ಸುಲಿಯಬೇಕು. ಎಲ್ಲರೂ ಖಂಡಿತ ಬನ್ನಿ. ಊಟವಿದೆ, ಕುಡಿಯೋಕೆ ರಕಿಯಾ ಇದೆ.'

ಅರವತ್ತೇಳು ಜನವೂ ಓದಿದರು. ಸ್ತಾಮೆನಾ ಅತ್ತೆಗೆ ಸೊಂಟ ಹಿಡಿದಿತ್ತಂತೆ. ವಿಯೆನ್ನಾದವಳಿಗೆ ವಿಯೆನ್ನಾ ದೂರವಂತೆ. ತಿಹೊಮಿರ್ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದ. ಅವನ ಮನೆ ಪಕ್ಕದಲ್ಲೇ; ಬೇಲಿಯ ಆಚೆ ಅವನ ಬೋಳುತಲೆ ಕಾಣುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಅದು ಮೆಲ್ಲಗೆ ಕೆಳಗಿಳಿಯಿತು.