ಬೇರಿಂಗಿಗೆ ಬಂದ ಜ್ವರ

ದವಾಖಾನೆ ಇದ್ದಲ್ಲಿ ನಗು ಇರಬಾರದು ಎಂದು ನಂಬಿ ಬೆಳೆದವಳು ನಾನು. ಆದರೆ ನವಲಗುಂದದ ಹತ್ತಿ ಗಿರಣಿಯ ದವಾಖಾನೆಯಲ್ಲಿ ಮೇಟ್ರನ್ ಆಗಿ ಕುಳಿತ ಮೇಲೆ, ಎಷ್ಟೇ ಶಿಸ್ತಾಗಿ ಬಾಗಿಲು ಹಾಕಿಕೊಂಡರೂ ನಗು ತರಿಸುವ ಸಂಗತಿಗಳು ಬಡಿಯದೆಯೇ ಒಳಗೆ ಬರತೊಡಗಿದವು.

೧. ಹೊಸ ರೋಗಿಗಳು

ಎಂಬತ್ತರ ದಶಕದ ಕೊನೆಯ ಮಾತು. ಅದರ ಹಿಂದಿನ ಹಂಗಾಮಿನಲ್ಲಿ ನಮ್ಮ ಗಿರಣಿಯ ಒಂದು ಬೇರಿಂಗ್ ಕಾಯ್ದು, ಕಿಡಿ ಹಾರಿ, ಅರಳೆಗೆ ಬೆಂಕಿ ಹತ್ತಿತ್ತು. ಹತ್ತಿ ಆರಿಸುತ್ತಿದ್ದ ಯರಗುಪ್ಪಿಯ ಹೆಂಗಸೊಬ್ಬಳ ತೋಳು ಮೊಣಕೈವರೆಗೆ ಸುಟ್ಟಿತು. ಪಟ್ಟಿ ಕಟ್ಟಿದವಳು ನಾನೇ. ಆ ಚರ್ಮದ ವಾಸನೆ ಇನ್ನೂ ಮರೆತಿಲ್ಲ.

ಅದಾದ ಮೇಲೆ ಪುಣೆಯಿಂದ ಒಬ್ಬ ಇಂಜಿನಿಯರು ಪೆಟ್ಟಿಗೆಯೊಂದನ್ನು ತಂದರು. ಪ್ರತಿ ಬೇರಿಂಗಿಗೂ ಶಾಖ ಅಳೆಯುವ, ಬೆರಳಿನಷ್ಟು ಒಂದು ಕೊಳವೆ, ಅದರಿಂದ ಪೆಟ್ಟಿಗೆಗೆ ತಂತಿ. ಓಡುವಾಗ ಯಾವ ಬೇರಿಂಗ್ ಎಷ್ಟು ಕಾಯುತ್ತದೆ ಎಂಬುದನ್ನು ಪೆಟ್ಟಿಗೆ ಕೆಲವು ದಿನ ನೋಡಿ ತಾನೇ ಕಲಿಯುತ್ತದೆ. ಮುಂದೆ ಶಾಖ ಆ ರೂಢಿ ಮೀರಿ ಏರತೊಡಗಿದರೆ, ಕೆಡುವುದಕ್ಕೆ ಮೊದಲೇ ಗಂಟೆ ಹೊಡೆಯುತ್ತದೆ. ಈ ಹಂಗಾಮು ಪೂರ್ತಿ ಪರೀಕ್ಷೆಗೆ ಇಟ್ಟುಕೊಳ್ಳಿ, ಬೇಡವಾದರೆ ಮರಳಿ ಕಳಿಸಿ ಎಂದರು.

ಗಿರಣಿಯ ಮಾಲೀಕರಾದ ಸಾವುಕಾರರು ಎಲ್ಲ ಕೇಳಿ, "ಅಂದ್ರ ಥರ್ಮಾಮೀಟರ್ ಅನ್ರಿ. ಹಂಗಾದ್ರ ಇದು ನಮ್ಮ ಬಾಯಾರ ಕೆಲಸ" ಎಂದು ಪೆಟ್ಟಿಗೆಯನ್ನು ನನ್ನ ಕೋಣೆಯ ಗೋಡೆಗೆ ಹೊಡೆಸಿದರು.

"ನಾನು ಮನುಷ್ಯರ ಶುಶ್ರೂಷೆಗೆ ತರಬೇತಾದವಳು" ಎಂದೆ.

"ಮನಷ್ಯಾರಿಗೆ ಜ್ವರಾ ಬಂದ್ರ ರಜಾ ಕೊಟ್ಟ ಕಳಸ್ತೀನ್ರಿ. ಇವಕ್ಕ ಬಂದ್ರ ಏನ್ ಮಾಡ್ಲಿ?"

ಯಂತ್ರ ನೋಡಿಕೊಳ್ಳುವ ಮಿಸ್ತ್ರಿ ಕೊಳವೆಯೊಂದನ್ನು ಕೈಯಲ್ಲಿ ಹಿಡಿದು, ಅತ್ಯಂತ ಗಂಭೀರವಾಗಿ ನನ್ನನ್ನು ಕೇಳಿದ: "ಬಾಯಾರ, ಇದನ್ನ ನಾಲಿಗಿ ಕೆಳಗ ಇಡೂದೋ, ಬಗಲಾಗೋ?"

೨. ಮೊದಲ ಗಂಟೆ

ಗಂಟೆ ಮೊದಲ ಸಲ ಹೊಡೆದಾಗ ಊಟದ ಬಿಡುವಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಪೆಟ್ಟಿಗೆಯ ಮೇಲೆ ಮೂರನೇ ಯಂತ್ರದ ದೀಪ ಕೆಂಪಾಗಿತ್ತು. ಕಾನ್ವೆಂಟಿನಲ್ಲಿ ನಮಗೆ ಓಡಬಾರದೆಂದು ಕಲಿಸಿದ್ದರು. ಅಂದು ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹೊರಗೆ ಬಿದ್ದರು. ಗಂಡಸರು ಮರಳಿನ ಬಕೆಟ್ಟು ಹಿಡಿದು ಒಳಗೆ ನುಗ್ಗಿದರು. ಗಿರಣಿ ನಿಂತಿತು.

ಬೆಂಕಿ ಇಲ್ಲ, ಹೊಗೆ ಇಲ್ಲ. ಬೇರಿಂಗಿನ ಮೇಲೆ, ಕೊಳವೆಯನ್ನು ಪೂರ್ತಿ ಮುಚ್ಚಿಕೊಂಡು, ದಪ್ಪ ಅರಿವೆಯಲ್ಲಿ ಕಟ್ಟಿದ ಬುತ್ತಿಗಂಟು ಕುಳಿತಿತ್ತು. ಕಾವು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

"ಇದು ಯಾರದು?"

ತೋಳು ಸುಟ್ಟುಕೊಂಡಿದ್ದ ಯರಗುಪ್ಪಿಯವಳೇ ಮುಂದೆ ಬಂದಳು. "ನಂದರಿ. ಅಲ್ಲಿಟ್ರ ಪಲ್ಯ ಬೆಚ್ಚಗಿರತೈತ್ರಿ. ಹೋದ ಹಂಗಾಮಿನ್ಯಾಗ ದಿನಾ ಇಡ್ತಿದ್ದೆ. ಇಷ್ಟ ದಿನ ಒಬ್ರೂ ಹೊಯ್ಕೊಂಡಿಲ್ಲ."

ಸಾವುಕಾರರು ಗಂಟು ಬಿಚ್ಚಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬಾಯಾರ, ನಿಮ್ಮ ಪೆಟ್ಟಿಗಿಗೆ ಬೆಂಕಿ ಗೊತ್ತಾಗತೈತೋ ಇಲ್ಲೋ ಗೊತ್ತಿಲ್ಲ. ಬದನಿಕಾಯಿ ಪಲ್ಯ ಅಂತೂ ಅಗದಿ ಬರೋಬರಿ ಗೊತ್ತಾಗತೈತಿ" ಎಂದರು.

೩. ಎರಡನೆಯ ಗಂಟೆ

ಬುತ್ತಿ ಇಡಲು ಬೇರೆ ಕಟ್ಟೆ ಮಾಡಿಸಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊಳವೆಯ ಹತ್ತಿರ ಏನನ್ನೂ ಇಡಬಾರದು, ಏನನ್ನೂ ಕಟ್ಟಬಾರದು ಎಂದು ಹೇಳಿ, ಹೇಳಿದ್ದನ್ನು ತಿರುಗಿ ಹೇಳಿಸಿದೆ.

ಸೋಮವಾರ ಬೆಳಗ್ಗೆ ಮತ್ತೆ ಗಂಟೆ. ಈ ಸಲ ಇಂಜಿನ್ ಖೋಲಿಯ ಬೇರಿಂಗ್. ಸಾವುಕಾರರು ಚಹದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನನ್ನ ಹಿಂದೆ ಓಡಿ ಬಂದರು. ಚಹವೆಲ್ಲ ಧೋತರದ ಮೇಲಿತ್ತು.

ಇಂಜಿನ್ ಇನ್ನೂ ಶುರುವೇ ಆಗಿರಲಿಲ್ಲ. ಮಿಸ್ತ್ರಿ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ, ಬೇರಿಂಗಿನ ಎದುರು ನಿಂತಿದ್ದ. ಬೇರಿಂಗಿಗೂ ಮೂರು ಬೆರಳಿನ ವಿಭೂತಿ. ಅದರ ನೆತ್ತಿಯ ಮೇಲೆ, ಕೊಳವೆಗೆ ಒತ್ತಿಕೊಂಡು, ಕರ್ಪೂರ ಉರಿಯುತ್ತಿತ್ತು.

ಉರಿಯುವ ಕರ್ಪೂರವನ್ನು ನಾನೇ ಮರಳು ಹಾಕಿ ಆರಿಸಿದೆ. "ಹತ್ತಿ ಗಿರಣಿಯಲ್ಲಿ ಬೆಂಕಿ ಹಚ್ಚುತ್ತೀಯಾ?"

"ಬೆಂಕಿ ಬೀಳಬಾರದು ಅಂತನ ಹಚ್ಚೀನ್ರಿ. ಪ್ರತಿ ಸೋಮವಾರ ಕೆಳಗ ಹಚ್ಚತಿದ್ದೆ, ಇವತ್ತ ನೆತ್ತಿ ಮ್ಯಾಲೆ ಇಟ್ಟೆ."

"ಗಂಟೆ ಹೊಡೆದದ್ದು ಕೇಳಿಸಲಿಲ್ಲವೇ?"

"ಕೇಳಸ್ತರಿ" ಎಂದ ಅವನು, ಮುಖದ ತುಂಬ ಭಕ್ತಿ. "ಮಂಗಳಾರತಿ ಹೊತ್ತಿಗೆ ಸರಿಯಾಗಿ ಹೊಡೀತು. ಇಷ್ಟ ವರ್ಷ ಗಂಟಿ ಬಾರಸಾಕ ಯಾರರ ಸಿಗತಾರೇನು ಅಂತ ಹುಡಕ್ತಿದ್ದೆ."

ಸಾವುಕಾರರು ನಗಲಿಲ್ಲ. ಧೋತರ ಕೊಡವಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಇನ್ನೊಂದ ಸಲ ಈ ಗಂಟಿ ಸುಳ್ಳ ಹೊಡೀತಂದ್ರ ಪೆಟ್ಟಿಗಿ ಸೀದಾ ಪುಣೆಕ್ಕ." ಯರಗುಪ್ಪಿಯವಳು ಸುಟ್ಟ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

೪. ಹೊಡೆಯದ ಗಂಟೆ

ಆಮೇಲೆ ಗಂಟೆ ಹೊಡೆಯಲೇ ಇಲ್ಲ. ಹತ್ತಿ ಬಂಡಿಗಳು ಬಾಗಿಲ ತನಕ ನಿಂತಿದ್ದವು. ಗಿರಣಿ ಉಸಿರು ಬಿಡದೆ ಓಡುತ್ತಿತ್ತು. ಸಾವುಕಾರರು ಹುಬ್ಬಳ್ಳಿಯ ವ್ಯಾಪಾರಿಗಳನ್ನು ಕರೆತಂದು ಪೆಟ್ಟಿಗೆಯನ್ನು ತೋರಿಸುವಷ್ಟು ಮೆತ್ತಗಾದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಇಡೀ ವಾರ್ಡು ಸದ್ದಿಲ್ಲದೆ ಮಲಗಿದ್ದರೆ ಎದ್ದು ಹೋಗಿ ನೋಡಬೇಕು; ಅದು ನಮ್ಮ ಪಾಠ.

ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಮುಳ್ಳು ಒಂದೊಂದೇ ಬೇರಿಂಗಿನ ಶಾಖ ತೋರಿಸುತ್ತಿತ್ತು. ಆ ಮಧ್ಯಾಹ್ನ ಮೂರನೆಯದಕ್ಕೆ ತಿರುಗಿಸಿದೆ. ಮುಳ್ಳು ಕೆಳಗೆ ಮಲಗಿತ್ತು. ಹೊರಗೆ ಸುಡುಬಿಸಿಲು, ಒಳಗೆ ಬೆಳಗಿನಿಂದ ತಿರುಗುತ್ತಿರುವ ಯಂತ್ರ, ಅದರ ಬೇರಿಂಗ್ ಮಣ್ಣಿನ ಗಡಿಗೆಯ ಹಾಗೆ ತಣ್ಣಗೆ! ಬದುಕಿರುವ ರೋಗಿ ಅಷ್ಟು ತಣ್ಣಗಿರುವುದಿಲ್ಲ. ಉಳಿದವನ್ನು ನೋಡುತ್ತ ನಾನು ನಿಲ್ಲಲಿಲ್ಲ.

ಒಳಗೆ ಕಾಲಿಡುವಾಗಲೇ ಸುಟ್ಟ ಎಣ್ಣೆಯ ವಾಸನೆ. ಮೂರನೇ ಯಂತ್ರದ ಪಕ್ಕ ಯರಗುಪ್ಪಿಯವಳು ತಂಬಿಗೆ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕೊಳವೆಯ ಸುತ್ತ ಒದ್ದೆ ಅರಿವೆ. ಅದರ ಅತ್ತ ಕಡೆಯಿಂದ ನೂಲಿನಂತೆ ಹೊಗೆ ಏಳುತ್ತಿತ್ತು. ಕೆಳಗೆ ಬಿದ್ದ ಅರಳೆ ಕಂದುಬಣ್ಣಕ್ಕೆ ತಿರುಗುತ್ತಿತ್ತು.

"ನಿಲ್ಲಿಸಿ!" ಎಂದೆ.

ವ್ಯಾಪಾರಿಗಳ ನಡುವೆ ನಿಂತಿದ್ದ ಸಾವುಕಾರರು ಕೈ ಅಡ್ಡ ಮಾಡಿದರು. "ಯಾಕ್ರಿ? ಗಂಟಿ ಹೊಡದಿಲ್ಲಲ್ಲ!"

ಅವರ ಕೈಯನ್ನು ಸರಿಸಿ ನಾನೇ ಇಡೀ ಗಿರಣಿಯ ಸ್ವಿಚ್ಚು ಎಳೆದೆ. ಒದ್ದೆ ಅರಿವೆ ಕಿತ್ತು ಎಸೆದೆ. ಸ್ವಲ್ಪ ಹೊತ್ತಿಗೆ ನನ್ನ ಕೋಣೆಯಿಂದ ಗಂಟೆ ಬಾಯಿಬಿಟ್ಟು ಹೊಡೆದುಕೊಳ್ಳತೊಡಗಿತು. ಅಷ್ಟರಲ್ಲಿ ಮಿಸ್ತ್ರಿ ಅರಳೆಯ ಮೇಲೆ ಮರಳು ಸುರಿದಾಗಿತ್ತು. ಬೇರಿಂಗ್ ಬಿಚ್ಚಿದರೆ ಒಳಗಿನ ಗುಂಡುಗಳು ಸವೆದು ನೀಲಿಗಟ್ಟಿದ್ದವು. ಇನ್ನೊಂದಿಷ್ಟು ಹೊತ್ತು ಓಡಿದ್ದರೆ ನಾನು ಎಷ್ಟು ತೋಳುಗಳಿಗೆ ಪಟ್ಟಿ ಕಟ್ಟಬೇಕಾಗುತ್ತಿತ್ತೋ.

"ಏನ್ ಮಾಡಾಕತ್ತಿದ್ದಿಬೇ?" ಸಾವುಕಾರರು ಯರಗುಪ್ಪಿಯವಳ ಕಡೆ ತಿರುಗಿದರು.

"ಜ್ವರಾ ಇಳಸಾಕತ್ತಿದ್ದೆರಿ" ಎಂದಳು ಅವಳು. "ಇನ್ನೊಮ್ಮೆ ಗಂಟಿ ಹೊಡದ್ರ ಪೆಟ್ಟಿಗಿ ಕಳಸ್ತೀನಿ ಅಂದ್ರಿ. ಅದು ಹೋದ್ರ ಮತ್ತ ಬೆಂಕಿ ಬಿದ್ದಾಗ ನಮಗ ಹೇಳಾವ್ರು ಯಾರ್ರಿ? ಅದಕ್ಕ ಗಂಟಿ ಹೊಡೀಬಾರದಂತ ತಣ್ಣೀರ ಪಟ್ಟಿ ಹಾಕಿದೆ. ನನ್ನ ಕೂಸಿಗೆ ಬಾಯಾರ ಹಿಂಗ ಹಾಕಂತ ಹೇಳಿದ್ರು."

"ಪಟ್ಟಿ ಹಾಕಿದರೂ ಇಳಿಯದಿದ್ದರೆ ನನ್ನನ್ನು ಕರೆಯಬೇಕು ಎಂದೂ ಹೇಳಿದ್ದೆ" ಎಂದೆ.

"ನೀವ ಬಂದ್ರ ಗಿರಣಿ ನಿಲ್ಲಸ್ತೀರಿ. ನೀವು ಅಂದ್ರೂ ಗಂಟಿ ಅಂದ್ರೂ ಒಂದ ಅಲ್ಲೇನ್ರಿ?"

ವ್ಯಾಪಾರಿಗಳು ನಕ್ಕರು. ಸಾವುಕಾರರು ಅವಳ ತೋಳನ್ನೂ ಕರಕಾದ ಅರಳೆಯನ್ನೂ ನೋಡಿದರು. ಆಮೇಲೆ ಮುಖ ಒರೆಸಿಕೊಂಡು, "ಆತು. ಪೆಟ್ಟಿಗಿ ಎಲ್ಲೂ ಹೋಗೂದಿಲ್ಲ. ಗಂಟಿ ದಿನಾ ಹೊಡೀಲಿ, ನಾ ಒಂದ ಮಾತ ಅನ್ನೂದಿಲ್ಲ. ಮಿಸ್ತ್ರಿ, ಇದೊಂದನ್ನ ಬಿಟ್ಟು ಉಳದ ಮಷಿನ್ ಚಾಲೂ ಮಾಡು" ಎಂದರು.

ಮಿಸ್ತ್ರಿ ಸ್ವಿಚ್ಚಿಗೆ ಕೈ ಹಾಕಿದ. ಅವಳು ತಂಬಿಗೆ ಎತ್ತಿಕೊಂಡು, ಹಗುರಾದ ಮನಸ್ಸಿನಿಂದ ನನ್ನನ್ನು ಕೇಳಿದಳು:

"ಹಂಗಾದ್ರ ಬಾಯಾರ, ಉಳದವಕ್ಕ ಹಾಕಿದ್ದ ಪಟ್ಟಿನೂ ತಗದ ಬಿಡ್ಲೇನ್ರಿ?"