ಹೆಬ್ಬಾವಿಗೆ ಉಪಚಾರ

ತಟ್ಟೆಯ ಮುಂದೆ ಕುಳಿತೂ ಉಣ್ಣದವರನ್ನು ನಾನು ನಂಬುವುದಿಲ್ಲ. ಇದು ತವರಿನಿಂದ ಬಂದ ಗುಣ. ಉಪ್ಪಿನಬೆಟಗೇರಿಯ ನಮ್ಮ ಮನೆಗೆ ಬಂದವರು ಯಾರಾದರೂ ಒಂದೇ ರೊಟ್ಟಿಗೆ ಕೈ ತೊಳೆದರೆ ನಮ್ಮವ್ವ ಇಡೀ ದಿನ ಅದನ್ನೇ ಕೆದಕುತ್ತಿದ್ದಳು. “ಪಲ್ಯಾಕ ಉಪ್ಪು ಹೆಚ್ಚಾಗಿತ್ತೇನು? ನಮ್ಮ ಮ್ಯಾಲೆ ಸಿಟ್ಟೈತೇನು? ಇಲ್ಲಾ ಬರೂ ದಾರ್ಯಾಗ ಬ್ಯಾರೆದವರ ಮನ್ಯಾಗ ಉಂಡು ಬಂದಾನೇನು?” ಈ ಕೊನೆಯದು ಅವಳ ಲೆಕ್ಕದಲ್ಲಿ ಕ್ಷಮೆ ಇಲ್ಲದ ಅಪರಾಧ. ಅದಕ್ಕೇ ನಮ್ಮಲ್ಲಿ ಉಣ್ಣುವವರ ಎದುರು ರೊಟ್ಟಿ ಹಿಡಿದು ನಿಂತೇ ಇರುತ್ತೇವೆ. ಅವರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಆ ಕೈಗಳ ಮೇಲೆಯೇ ರೊಟ್ಟಿ ಬೀಳುತ್ತದೆ. ನಾನೂ ಮದುವೆಯಾಗಿ ಬಂದಂದಿನಿಂದ ಇದನ್ನು ನಿಷ್ಠೆಯಿಂದ ಪಾಲಿಸಿದ್ದೇನೆ. ನಮ್ಮನೆಯವರು ಮಾತ್ರ ಹಲವು ವರ್ಷಗಳಿಂದ ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ. ಕೇಳಿದರೆ “ಆ ಕಡೆ ಗಾಳಿ ಛಲೋ ಬರತೈತಿ” ಎನ್ನುತ್ತಾರೆ. ಆ ಗೋಡೆಗೆ ಕಿಟಕಿಯೇ ಇಲ್ಲ.

ಇಂಥ ನನ್ನ ಮನೆಗೆ ಒಂದು ಶ್ರಾವಣದಲ್ಲಿ, ಏನು ಕೊಟ್ಟರೂ ಉಣ್ಣದ, ಬೇಡವೆಂದು ಅಡ್ಡ ಹಿಡಿಯಲು ಕೈಗಳೂ ಇಲ್ಲದ ಅತಿಥಿಯೊಬ್ಬರು ಬಂದರು.

ನಮ್ಮನೆಯವರು ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಾವಿದ್ದದ್ದು ಸಪ್ತಾಪುರದ ಬಾಡಿಗೆ ಮನೆ. ಅವರ ಬಾಲ್ಯದ ಗೆಳೆಯ ಗುರುಪಾದಪ್ಪ ಎಂಬವರು ಆಫ್ರಿಕಾದಲ್ಲಿ ಸಾಲಿ ಮಾಸ್ತರರಾಗಿದ್ದವರು, ರಜೆಗೆಂದು ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ, ಸ್ಟೇಶನ್ನಿನಿಂದ ಟಾಂಗಾದಲ್ಲಿ ನಮ್ಮ ಬಾಗಿಲಿಗೆ ಇಳಿದರು. ಪರದೇಶದಿಂದ ಬಂದವರು ಉಳಿದವರ ಮನೆಗೆ ಕೈಗಡಿಯಾರ ತರುತ್ತಾರೆ, ಹೊಳೆಯುವ ಸೀರೆ ತರುತ್ತಾರೆ. ಇವರು ಬಟ್ಟೆ ಸುತ್ತಿ ಬಿಗಿದ ಒಂದು ಬುಟ್ಟಿ ಕೊಟ್ಟರು. ನಾನು ಸಂತೋಷದಿಂದ ಕೈ ಚಾಚಿದೆ. “ಅಕ್ಕಾರ, ಮುಚ್ಚಳಾ ಮಾತ್ರ ತಗೀಬ್ಯಾಡ್ರಿ” ಎಂದರು. ನನಗೆ ಆಗಲೇ ಸಂಶಯ ಬಂತು. ಒಳ್ಳೆಯ ವಸ್ತುವಿನ ಮುಚ್ಚಳ ತೆಗೆಯಬೇಡಿ ಎಂದು ಯಾರೂ ಹೇಳುವುದಿಲ್ಲ.

ಮುಚ್ಚಳ ತೆಗೆದವರು ನಮ್ಮನೆಯವರು. “ರಾಜ ಹೆಬ್ಬಾವು!” ಎಂದು ಉದ್ಗರಿಸಿದರು. “ಮರಿ ಇನ್ನೂ!” ಒಳಗೆ ಒಂದೂವರೆ ಮೊಳದ, ಸುಟ್ಟ ಬೆಲ್ಲದ ಮೇಲೆ ತುಪ್ಪ ಚೆಲ್ಲಿದಂಥ ಬಣ್ಣದ ಹಾವು, ನೂಲಿನ ಉಂಡೆಯಂತೆ ಸುತ್ತಿಕೊಂಡು, ತಲೆಯನ್ನು ಉಂಡೆಯೊಳಗೆ ಅಡಗಿಸಿಕೊಂಡು ಬಿದ್ದಿತ್ತು.

“ವಿಷಾ?” ಎಂದೆ.

“ಒಂಚೂರೂ ಇಲ್ಲ.”

“ಹಂಗಾರ ನೀವ್ಯಾಕ ಹಿಂದ ಸರದ್ರಿ?”

ಅವರು ಮುಚ್ಚಳ ಮುಚ್ಚಿದರು. ಮರುದಿನ ಕಾಲೇಜಿಗೆ ಒಯ್ದವರು ಸಂಜೆ ಬುಟ್ಟಿಯೊಂದಿಗೇ ಮರಳಿ ಬಂದರು. ಜೀವವಿದ್ದ ಹಾವನ್ನು ಇಟ್ಟುಕೊಳ್ಳಲು ಪ್ರಿನ್ಸಿಪಾಲರು ಒಪ್ಪಲಿಲ್ಲವಂತೆ. “ಸತ್ತ ಮ್ಯಾಲೆ ಬಾಟ್ಲಿಯೊಳಗ ಹಾಕಿ ತಗೊಂಡು ಬರ್ರಿ, ಸಂತೋಷದಿಂದ ಇಟ್ಕೋತೇವಿ” ಎಂದರಂತೆ. ಪ್ರಾಣಿಗಳನ್ನು ಸಾಕುವ ಪರಿಚಯದವರೊಬ್ಬರು ಮುಂಬಯಿಯಲ್ಲಿದ್ದಾರೆ, ಗುರುಪಾದಪ್ಪ ಹಡಗು ಹತ್ತಲು ಹೋಗುವಾಗ ಅವರಿಗೆ ತಲುಪಿಸಬಹುದು ಎಂದಾಯಿತು. ಆದರೆ ಆ ಮುಂಬಯಿಯವರದೂ ಒಂದು ಕರಾರು: ಹಾವು ಊಟ ಹಿಡಿದ ಮೇಲೆಯೇ ಕಳಿಸಬೇಕು, ಉಪವಾಸ ಬಿದ್ದದ್ದು ದಾರಿಯಲ್ಲಿ ಸಾಯುತ್ತದೆ.

ಸಾಯುತ್ತದೆ ಎಂಬ ಮಾತು ಕೇಳಿದ್ದೇ ನನಗೆ ಮಗಳ ನೆನಪಾಯಿತು. ಗದುಗಿಗೆ ಕೊಟ್ಟ ನಮ್ಮ ಮಗಳು ಸುಮಿತ್ರಾ ಸೀಮಂತದ ಕುಬಸ ಮುಗಿಸಿ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು, ಚೌತಿ ಆದ ಕೂಡಲೇ. ಹಾವು ಸತ್ತ ಮನೆಯಲ್ಲಿ ಹೆರಿಗೆಯಾದರೆ ದೋಷ ಕೂಸಿಗೆ ತಗಲುತ್ತದೆಂದು ನಂಬಿದವಳು ನಾನು. ಪ್ರಾಣಿಶಾಸ್ತ್ರದಲ್ಲಿ ದೋಷವಿಲ್ಲದೆ ಇರಬಹುದು. ನನ್ನ ಮೊಮ್ಮಗು ಪ್ರಾಣಿಶಾಸ್ತ್ರದ ಮೇಲೆ ಹುಟ್ಟುವುದಿಲ್ಲವಲ್ಲ. ಹೀಗಾಗಿ ಹಾವು ಉಣ್ಣಬೇಕು, ಜೀವಂತವಾಗಿ ಹೊಸ್ತಿಲು ದಾಟಬೇಕು, ಅದೂ ಮಗಳು ಹೊಸ್ತಿಲು ತುಳಿಯುವ ಮೊದಲು. ಆ ಶ್ರಾವಣದಲ್ಲಿ ಶಿವನ ಮುಂದೆ ನಾನು ಬೇರೆ ಏನನ್ನೂ ಬೇಡಲಿಲ್ಲ.

ಬಿಡಾರದ ಏರ್ಪಾಡಾಯಿತು. ಧಾರವಾಡದ ಜಿಟಿಜಿಟಿ ಮಳೆಯ ಥಂಡಿ ಆಫ್ರಿಕಾದವರಿಗೆ ಆಗದೆಂದು, ಬಚ್ಚಲ ಹಂಡೆಯ ಒಲೆಯಿಂದ ಬೆಚ್ಚಗಿರುವ ಗೋಡೆಗೆ ಒತ್ತಿ ಹಿಂದಿನ ಕೋಣೆಯಲ್ಲಿ ಕಟ್ಟಿಗೆಯ ಪೆಟ್ಟಿಗೆ ಇಟ್ಟರು. ಮೇಲೆ ತಂತಿಯ ಜಾಳಿಗೆ, ಕೆಳಗೆ ಉಸುಕು, ಅಡಗಿಕೊಳ್ಳಲು ಬಾಯಿ ಒಡೆದ ಗಡಿಗೆಯೊಂದನ್ನು ಬೋರಲು ಹಾಕಿದರು. ನೀರಿಗೆ ಬಟ್ಟಲು ಕೇಳಿದರು. ನನ್ನ ಅಡುಗೆಮನೆಯದನ್ನು ಕೊಡಲಿಲ್ಲ, ಅವರು ಗಡ್ಡ ಕೆರೆದುಕೊಳ್ಳಲು ಇಟ್ಟುಕೊಂಡಿದ್ದ ಬಟ್ಟಲನ್ನೇ ಕೊಟ್ಟೆ. “ಹೊಸಾ ಜಾಗಾ, ಅಂಜೈತಿ. ಮುಟ್ಟಬ್ಯಾಡ, ಗಡಗಿ ಎತ್ತಬ್ಯಾಡ, ಸುಮ್ಕ ಬಿಟ್ಟುಬಿಡು” ಎಂದು ಅಪ್ಪಣೆಯಾಯಿತು.

“ಹೊಸಬರನ್ನ ಯಾರರ ಸುಮ್ಕ ಬಿಡತಾರೇನ್ರಿ? ನಾ ಈ ಮನಿಗೆ ಬಂದಾಗ ನನ್ನ ಯಾರು ಸುಮ್ಕ ಬಿಟ್ಟಿದ್ರು?” ಎಂದೆ.

ಆಹಾರದ ವಿಷಯಕ್ಕೆ ನಾನೂ ಕರಾರು ಹಾಕಿದೆ. ನಾವು ವಿಭೂತಿ ಧರಿಸುವ ಜನ, ಮೊಟ್ಟೆಯ ಸಿಪ್ಪೆ ಸಹ ನಮ್ಮ ಅಂಗಳಕ್ಕೆ ಬಿದ್ದದ್ದಿಲ್ಲ. ಕಾಲೇಜಿನ ಇಲಿಗಳ ಪೈಕಿ ಒಂದರ ಕೆಲಸ ಕಾಲೇಜಿನಲ್ಲೇ ಮುಗಿಸಿ, ಕಾಗದ ಸುತ್ತಿ, ಡಬ್ಬಿಯಲ್ಲಿಟ್ಟು, ಹಿತ್ತಿಲ ಬಾಗಿಲಿನಿಂದ ತರಬೇಕು. ಅಡುಗೆಮನೆ ದಾಟಕೂಡದು, ದೇವರ ಕೋಣೆಯ ಕಡೆ ತಿರುಗಿಯೂ ನೋಡಕೂಡದು. ಆದರೂ ಇಲಿ ಗಣಪತಿಯ ವಾಹನ, ಚೌತಿ ಬೇರೆ ಹತ್ತಿರ. ಗರಿಕೆ ಹೆಚ್ಚಿಗೆ ಏರಿಸಿ ಕೈಮುಗಿದೆ: “ಅಪ್ಪಾ ಗಣಪ್ಪಾ, ನಿಂದು ಕರೀ ಇಲಿ, ಇದು ಕಾಲೇಜಿನ ಬಿಳೀ ಇಲಿ. ಮನಸ್ಸಿಗೆ ಹಚ್ಚಿಗೋಬ್ಯಾಡ.” ಸಣ್ಣ ಸಣ್ಣ ಉಪಕಾರಗಳಿಗೆ ದೇವರನ್ನು ನೆನೆಯುವುದು ನನ್ನ ರೂಢಿ. ಈ ಅತಿಥಿಗೆ ವಿಷವಿಲ್ಲ, ಗದ್ದಲವಿಲ್ಲ, ಇನ್ನೊಂದು ಕಪ್ ಚಹಾ ಎನ್ನುವುದಿಲ್ಲ. ಅಷ್ಟಾದರೂ ಇತ್ತಲ್ಲ.

ಮುಸ್ಸಂಜೆಗೆ ಇಲಿ ಇಟ್ಟರು. ಬೆಳಗ್ಗೆ ಇಲಿ ಇಟ್ಟಲ್ಲೇ ಇತ್ತು. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ.

ನನ್ನ ತಲೆಯಲ್ಲಿ ಅವ್ವನ ಪ್ರಶ್ನೆಗಳೆಲ್ಲ ಎದ್ದವು. ಇಲಿ ಹಳಸಿದ್ದೇ? ನಮ್ಮ ಮನೆಯ ಮೇಲೆ ಸಿಟ್ಟೇ? ದಾರಿಯಲ್ಲಿ ಎಲ್ಲಾದರೂ ತಿಂದು ಬಂದಿದೆಯೇ? ಮೊದಲಿಗೆ ಜೀವವಿದೆಯೋ ಇಲ್ಲವೋ ನೋಡಬೇಕಲ್ಲ. ಗಡಿಗೆಯನ್ನು ಒಂಚೂರು ಎತ್ತಿ ಇಣುಕಿದೆ. ಸಿಟ್ಟು ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿ ಮೂಲೆ ಹಿಡಿಯುವ ನಮ್ಮ ನಾದಿನಿಯಂತೆ, ಮುದುಡಿ ಬಿದ್ದಿತ್ತು. ಉಸಿರಾಡುತ್ತಿದೆ ಎಂದು ಅನಿಸಿತು, ಆದರೆ ಅನಿಸಿದ್ದನ್ನು ನಂಬಬಹುದೇ? ಚಹಾ ಆದ ಮೇಲೆ ಇನ್ನೊಮ್ಮೆ ಎತ್ತಿದೆ. ಪೂಜೆ ಆದ ಮೇಲೆ ಊದಿನಕಡ್ಡಿ ಹಿಡಿದುಕೊಂಡೇ ಹೋಗಿ ಎತ್ತಿದೆ. ಹಾಲಿನವಳು ಹೋದ ಮೇಲೆ ಎತ್ತಿದೆ. ಮುಟ್ಟಬೇಡ ಎಂದಿದ್ದರು, ನಾನು ಮುಟ್ಟಲಿಲ್ಲ. ಕಡ್ಡಿಯಿಂದ ಇಲಿಯನ್ನು ಅದರ ಬಾಯಿಯ ಹತ್ತಿರ ಸರಿಸಿದೆ ಅಷ್ಟೇ. “ತಗೋಪಾ, ನಾಚಬ್ಯಾಡ, ನಿನ್ನ ಮನೀನ ಅಂತ ತಿಳಕೋ” ಎಂದೂ ಹೇಳಿದೆ. ಉಂಡೆ ಇನ್ನಷ್ಟು ಬಿಗಿಯಾಯಿತು.

ಪಕ್ಕದ ಮನೆಯ ಗಂಗಕ್ಕ ಹೆಪ್ಪಿಗೆಂದು ಬಂದವರು ಬಾಗಿಲಲ್ಲೇ ದನಿ ತಗ್ಗಿಸಿದರು. “ಅಕ್ಕಾರ, ನಿಮ್ಮನಿಗೆ ಯಾರೋ ಬಂದಾರಂತ. ಉಣವಲ್ರಂತ.”

ಇವರಿಗೆ ಹೇಗೆ ತಿಳಿಯಿತು? ಹೆಪ್ಪು ಅವರ ಮನೆಯಲ್ಲಿ ಎಂದೂ ತೀರಿದ್ದನ್ನು ನಾನು ಕಂಡಿಲ್ಲ. ಆದರೂ ತೋರಿಸಿದೆ. ಗಂಗಕ್ಕ ಸೆರಗು ಹೊದ್ದು ನಮಸ್ಕಾರ ಮಾಡಿ, “ಶ್ರಾವಣ ಐತಲ್ರಿ, ಒಪ್ಪತ್ತು ಹಿಡದಿರಬೇಕು” ಎಂದರು. “ಹಾಲಾರ ಇಟ್ಟು ನೋಡ್ರಿ. ಫಳಾರ ನಡೀತೈತಿ.”

ಈ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಪಂಚಮಿಯಲ್ಲಿ ನಾಗಪ್ಪನಿಗೆ ಎರೆಯುವಂತೆಯೇ ಕೊಬ್ಬರಿ ಬಟ್ಟಲಲ್ಲಿ ಹಾಲು, ಬೆಲ್ಲ ಹಾಕಿ, ದೇವರ ಪಾಲು, ಗುರುವಿನ ಪಾಲು, ಹುಟ್ಟುವ ಕೂಸಿನ ಪಾಲು ಎಂದು ಹೇಳಿ ಪೆಟ್ಟಿಗೆಯೊಳಗೆ ಇಟ್ಟೆ. ನಮ್ಮನೆಯವರು ನೋಡಿ ಹಣೆ ಹಣೆ ಬಡಿದುಕೊಂಡರು.

“ಹಾವು ಹಾಲು ಕುಡಿಯೂದಿಲ್ಲ.”

“ಮತ್ತ ನಾವು ಇಷ್ಟು ವರ್ಷ ಎರದದ್ದು ಯಾರಿಗೆ?”

“ಇರುವಿಗೆ.”

ಅವರ ಮಾತನ್ನು ನಿಜ ಮಾಡಲೆಂದೇ ಆ ದಿನ ಇರುವೆಗಳು ಸಾಲುಗಟ್ಟಿ ಬಂದವು. ಹಾವನ್ನು ಬುಟ್ಟಿಗೆ ಹಾಕಿ, ಉಸುಕು ಚೆಲ್ಲಿ, ಪೆಟ್ಟಿಗೆ ತೊಳೆದು, ಮತ್ತೆ ಹೊಸದಾಗಿ ಬಿಡಾರ ಹೂಡಬೇಕಾಯಿತು. ತೊಳೆದವರು ಇವರೇ.

ಆಮೇಲೆ ನನಗೆ ಹೊಳೆಯಿತು: ಇದು ದೃಷ್ಟಿ. ಗಂಗಕ್ಕ ಹೋಗುವಾಗ “ಏನ್ ಬಣ್ಣರೀ ಯವ್ವಾ!” ಎಂದಿದ್ದರು. ಬ್ಯಾಡಗಿ ಮೆಣಸಿನಕಾಯಿ ಪಲ್ಯದ ಬಣ್ಣಕ್ಕೆ ಸರಿ, ದೃಷ್ಟಿಗೆ ಖಾರದ್ದೇ ಬೇಕು. ಹುಡುಕಿ ತೆಗೆದು, ಉಪ್ಪು, ಸಾಸಿವೆ ಕೂಡಿಸಿ, ಪೆಟ್ಟಿಗೆಗೆ ನಿವಾಳಿಸಿ, ಹತ್ತಿರವೇ ಇತ್ತೆಂದು ಬಚ್ಚಲ ಒಲೆಗೆ ಹಾಕಿದೆ. ಒಳಗೆ ಸ್ನಾನಕ್ಕೆ ಕುಳಿತವರು ತಲೆಯ ತುಂಬ ಸಾಬೂನಿನ ನೊರೆ ಹೊತ್ತು ಕೆಮ್ಮುತ್ತ ಹೊರಬಂದರು. “ಏನ್ ಹಚ್ಚೀ ಇದು? ಹಾವಿನ ದೃಷ್ಟಿ ತಗೀತಿಯೋ ನನ್ನ ಜೀವಾ ತಗೀತಿಯೋ?” ನನಗೂ ಸೀನು, ಗಂಗಕ್ಕನ ಮನೆಯಲ್ಲೂ ಸೀನು. ಅಷ್ಟು ಘಾಟು ಬಂದ ಮೇಲೆ ದೃಷ್ಟಿ ಅಲ್ಲವೇ ಅಲ್ಲ ಎಂದೂ ತಿಳಿಯಿತು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ.

ಇನ್ನು ಸಂಶಯಪಡಲು ಉಳಿದವರು ಯಾರು? ನಮ್ಮನೆಯವರೇ. ಸಂಜೆ ಕಾಲೇಜಿನಿಂದ ಬಂದವರು ನನ್ನನ್ನು ಮಾತಾಡಿಸುವ ಮೊದಲು ಆ ಕೋಣೆಗೆ ಹೋಗಿ ಸದ್ದಿಲ್ಲದೆ ಕುಳಿತಿರುವುದನ್ನು ನಾನು ಗಮನಿಸಿದ್ದೆ. ಹೊರಬರುವಾಗ ಮುಖ ತಿಳಿಯಾಗಿರುತ್ತಿತ್ತು. ಉಣ್ಣದ ಹಾವು ಮುಂಬಯಿಗೆ ಹೋಗುವುದಿಲ್ಲ. ಹೋಗದೆ ಇರಲೆಂದು ಇವರೇ ಇಲಿಗೆ ಏನಾದರೂ ಹಚ್ಚುತ್ತಿರಬಹುದೇ? ಈ ಯೋಚನೆ ಬಂದದ್ದೇ ತಡ, ಹಿತ್ತಿಲ ಬಾಗಿಲಲ್ಲಿ ಡಬ್ಬಿ ಇಸಿದುಕೊಂಡು ಮೂಗಿಗೆ ಹಿಡಿದೆ. ಮೊಟ್ಟೆಯ ಸಿಪ್ಪೆ ಕಂಡರೆ ಮುಖ ತಿರುವುವ ನಾನು ಸತ್ತ ಇಲಿಯ ವಾಸನೆ ನೋಡಿದೆ. ಶಿವಾ ಶಿವಾ. ಹಚ್ಚಿದ್ದೇನೂ ಸಿಗಲಿಲ್ಲ. ಆದರೂ ಕೇಳಿಯೇಬಿಟ್ಟೆ.

“ಖರೇ ಹೇಳ್ರಿ, ಅದು ಹೋಗೂದು ನಿಮಗ ಬ್ಯಾಡಾಗೇತಿ ಹೌದಿಲ್ಲೋ?”

ಅವರು ನನ್ನನ್ನೂ ಡಬ್ಬಿಯನ್ನೂ ನೋಡಿದರು. “ನಿಮ್ಮವ್ವ ಬಾ ಅಂತ ಹೇಳಿ ಕಳಿಸ್ಯಾಳ” ಎಂದರು. “ಕೂಸಿಗೆ ಕೌದಿ ಹೊಲೀಬೇಕಂತ, ಹಳೇ ಸೀರಿ ತಗೊಂಡು ಬಾ ಅಂದಾಳ. ನಾಳೆ ಬಸ್ಸಿಗೆ ಹತ್ತಸ್ತೇನಿ.” ಹೆಂಡತಿಯನ್ನು ತವರಿಗೆ ಕಳಿಸುವಾಗ ಗಂಡಸಿನ ಮುಖ ಅಷ್ಟು ಹಸನಾಗಿರಬಾರದು. ಆದರೆ ಕೌದಿಯ ಮಾತು ಸುಳ್ಳಿರಲಿಲ್ಲ. ಬಸ್ಸು ಬಿಡುವವರೆಗೂ ಕಿಟಕಿಯಿಂದ ಹೇಳುತ್ತಲೇ ಹೋದೆ: “ಆಗಾಗ ಗಡಗಿ ಎತ್ತಿ ನೋಡ್ರಿ! ಉಸರೈತೋ ಇಲ್ಲೋ ನೋಡ್ರಿ!” ಬಸ್ಸಿನಲ್ಲಿದ್ದವರು ನನ್ನತ್ತ ವಿಚಿತ್ರವಾಗಿ ನೋಡಿದರು.

ಕೌದಿ ಹೊಲಿದು ಮರಳಿ ಬಂದಾಗ ಇವರು ಅಂಗಳದಲ್ಲೇ ನಿಂತಿದ್ದರು. “ತಿಂತು!” ಎಂದರು.

“ಯಾವಾಗ?”

“ನಿನ್ನ ಬಸ್ಸು ಹ್ವಾದ ದಿನಾ ಸಂಜೀಕ.”

ನಾನು ನಂಬಲಿಲ್ಲ. ಚಪ್ಪಲಿ ಬಿಟ್ಟು ನೇರ ಕೋಣೆಗೆ ಹೋದೆ. ಪೆಟ್ಟಿಗೆಯ ಮೇಲೆ ಹಳೆಯ ಕಂಬಳಿ ಹೊದಿಸಿತ್ತು. ಅದರ ಅಂಚನ್ನು ಅವರೇ ಒಂದಿಷ್ಟು ಸರಿಸಿ ತೋರಿಸಿದರು. ಹಾವು ಮೊದಲ ಬಾರಿ ಉಂಡೆ ಬಿಚ್ಚಿ, ಗಡಿಗೆಯಿಂದ ತಲೆ ಹೊರಗಿಟ್ಟುಕೊಂಡು ಮಲಗಿತ್ತು. ನಡುವೆ ಹೊಟ್ಟೆ ಉಬ್ಬಿತ್ತು.

“ಏನ್ ಮಾಡಿದ್ರಿ?”

“ಏನೂ ಮಾಡಲಿಲ್ಲ.”

“ಏನೂ ಮಾಡ್ಲಾರದ ಹೆಂಗ ತಿಂತು?”

“ಅದಕ್ಕ ತಿಂತು. ಕಂಬಳಿ ಹೊದಿಸಿ, ಬಾಗಲಾ ಹಾಕ್ಕೊಂಡು ಬಂದ್ನಿ. ಹೊಳ್ಳಿ ನೋಡಲಿಲ್ಲ.”

ಆ ಬಳಿಕ ಕೋಣೆಯ ಕೀಲಿಕೈ ಅವರ ಕೊರಳಿನಲ್ಲಿ ಲಿಂಗ ಕಟ್ಟಿದ ಶಿವದಾರದ ಪಕ್ಕ ತೂಗತೊಡಗಿತು. ಇಲಿಗಳು ಒಳಗೆ ಹೋದವು, ಡಬ್ಬಿ ಖಾಲಿ ಹೊರಗೆ ಬಂತು. ಚೌತಿಗೆ ಮೊದಲು ಗುರುಪಾದಪ್ಪ ಊರಲ್ಲಿ ರಜೆ ಮುಗಿಸಿ ಬಂದು, ಬುಟ್ಟಿ ಹಿಡಿದು ಟಾಂಗಾ ಹತ್ತಿದರು. ಬುಟ್ಟಿಯ ಮುಚ್ಚಳಕ್ಕೆ ನಾನು ವಿಭೂತಿ ಹಚ್ಚಿದೆ. ಎತ್ತಲಿಲ್ಲ, ಹಚ್ಚಿದೆ ಅಷ್ಟೇ. ಟಾಂಗಾ ತಿರುವು ದಾಟಿದ ಮೇಲೂ ನಮ್ಮನೆಯವರು ಗೇಟಿನಲ್ಲಿ ನಿಂತೇ ಇದ್ದರು. ಅದು ಹೋಗುವುದು ಇವರಿಗೆ ಬೇಡವೆಂಬ ನನ್ನ ಸಂಶಯ ಒಂದಾದರೂ ನಿಜವೇ ಆಗಿತ್ತು ನೋಡಿ.

ಚೌತಿ ಆಗಿ ಸುಮಿತ್ರಾ ಬಂದಳು. ಗದುಗಿನಿಂದ ಬಂದ ದಣಿವು, ತುಂಬಿದ ಮೈ. ಪುಂಡಿ ಪಲ್ಯ, ಬಿಸಿ ರೊಟ್ಟಿ, ಬೆಣ್ಣೆ ಬಡಿಸಿದೆ. ತುತ್ತು ಮುರಿದು ಹಾಗೇ ಕುಳಿತಳು. ರೊಟ್ಟಿ ಹಿಡಿದು ನಾನು ಅವಳೆದುರು ನಿಂತೆ. “ಯಾಕ? ವಾಕರಿಕಿ ಬರತೈತೇನು? ಅತ್ತಿ ಮನ್ಯಾಗ ಯಾರರ ಏನರ ಅಂದ್ರೇನು? ದಾರ್ಯಾಗ ಏನರ ತಿಂದು ಬಂದ್ಯೇನು?” ಸ್ವಲ್ಪ ಬಾಗಿ ಅವಳ ಮುಖ ನೋಡಿದೆ. ಹುಡುಗಿ ಮುದುಡಿ ಮುದುಡಿ ಸೆರಗಿನಲ್ಲಿ ಮುಖ ಅಡಗಿಸಿಕೊಂಡಳು. ಸೆರಗು ಸರಿಸಲು ನಾನು ಕೈ ಚಾಚಿದೆ.

ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ನಮ್ಮನೆಯವರು ಹಿಂದಿರುಗದೆಯೇ ಹೇಳಿದರು: “ಏ, ಗಡಗಿ ಎತ್ತಬ್ಯಾಡ.”

ಚಾಚಿದ ಕೈ ಹಾಗೇ ನಿಂತಿತು. ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ಹೊಳ್ಳಿ ನೋಡಲಿಲ್ಲ. ಜೀವನದಲ್ಲಿ ನಾನು ಮಾಡಿದ ಕಠಿಣ ವ್ರತಗಳಲ್ಲಿ ಅದೂ ಒಂದು. ಒಳಗೆ ತಂದೆ ಮಗಳು ಏನೋ ಹೇಳಿ ಮೆಲ್ಲಗೆ ನಗುವುದು ಕೇಳಿಸಿತು. ಮಗಳು ಕೈ ತೊಳೆದ ಸದ್ದಾದ ಮೇಲೆ ಒಳಗೆ ಹೋದೆ. ಅವಳ ತಟ್ಟೆ ಬರಿದಾಗಿತ್ತು, ಬುಟ್ಟಿಯ ರೊಟ್ಟಿಗಳೂ ಕಡಿಮೆಯಾಗಿದ್ದವು. ಶಿವನಿಗೆ ಕೈಮುಗಿದೆ.

ಆದರೂ ಒಂದು ಸಂಶಯ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮಗಳ ಪಾಲಿನ ರೊಟ್ಟಿಯನ್ನು ಇವರೇ ತಿಂದಿದ್ದರೆ? ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳುವ ಮನುಷ್ಯ, ಬೆನ್ನು ನೋಡಿ ಏನೆಂದು ತಿಳಿಯಬೇಕು?